ಕಾಲುವೆ ನೋಡಿ ಉದ್ರಿ ಕೊಡಿ

ರಾಯಚೂರಿನ ಹೋಲ್‌ಸೇಲ್ ಅಂಗಡಿಗಳಿಂದ ಮಾಲು ತಂದು ಮಾನ್ವಿಯಲ್ಲೋ ದೇವದುರ್ಗದಲ್ಲೋ ಕಿರಾಣಿ ಅಂಗಡಿ ಇಟ್ಟವರಿಗೆ ಎಲ್ಲರೂ ಕೊಡುವ ಬುದ್ಧಿಮಾತು ಒಂದೇ: ಉದ್ರಿ ನಿಲ್ಲಿಸಿ. ನನಗೆ ಇದು ಒಪ್ಪಿಗೆಯಿಲ್ಲ. ವರ್ಷಕ್ಕೆ ಒಂದೆರಡು ಸಲ ಮಾತ್ರ ಕೈಯಲ್ಲಿ ರೊಕ್ಕ ಕಾಣುವ ಊರಲ್ಲಿ ‘ಇಂದು ನಗದು, ನಾಳೆ ಉದ್ರಿ’ ಎಂದು ಫಲಕ ತೂಗುಹಾಕಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಉದ್ರಿ ಕೊಡಲೇಬೇಕು. ಆದರೆ ಯಾರಿಗೆ, ಎಷ್ಟು, ಯಾವ ತಿಂಗಳವರೆಗೆ ಎಂಬ ಲೆಕ್ಕ ಅಂಗಡಿಯವನ ತಲೆಯಲ್ಲಿ ಇರಬೇಕು.

ಮೊದಲು ಬಡ್ಡಿಯ ಲೆಕ್ಕ. ನೂರು ರೂಪಾಯಿ ಮಾಲಿನ ಮೇಲೆ ನಿಮಗೆ ಹತ್ತು ರೂಪಾಯಿ ಉಳಿಯುತ್ತದೆ ಎನ್ನಿ. ಆ ಮಾಲಿಗೆ ಹಾಕಿದ ಬಂಡವಾಳ ನೂರಕ್ಕೆ ಎರಡು ರೂಪಾಯಿ ಬಡ್ಡಿಯ ಕೈಸಾಲವಾಗಿದ್ದರೆ, ನಾಲ್ಕು ತಿಂಗಳ ಉದ್ರಿಗೆ ಏಳೆಂಟು ರೂಪಾಯಿ ಬಡ್ಡಿಗೇ ಹೋಯಿತು. ಐದನೇ ತಿಂಗಳಿಗೆ ನೀವು ಪುಕ್ಕಟೆ ದುಡಿಯುತ್ತೀರಿ. ಇನ್ನು ಸಾವಿರ ರೂಪಾಯಿ ಮುಳುಗಿದರೆ, ಅದನ್ನು ತುಂಬಿಕೊಳ್ಳಲು ಮತ್ತೆ ಹತ್ತು ಸಾವಿರದ ಮಾಲು ಮಾರಬೇಕು. ದಿನವಿಡೀ ಗಲ್ಲಾಪೆಟ್ಟಿಗೆ ತುಂಬಿದ್ದರೂ ತಿಂಗಳ ಕೊನೆಗೆ ಕೈ ಖಾಲಿಯಾಗುವ ಎಷ್ಟೋ ಅಂಗಡಿಗಳ ರೋಗ ಇಲ್ಲೇ ಇದೆ.

ಮಾನ್ವಿಯ ಲೆಕ್ಕ ಬೇರೆ, ದೇವದುರ್ಗದ ಲೆಕ್ಕ ಬೇರೆ. ಮಾನ್ವಿಯದು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆ. ಭತ್ತ ಕೊಯ್ದು ಮಾರಿದಾಗ ರೊಕ್ಕ ಒಂದೇ ಗಂಟಾಗಿ ಬರುತ್ತದೆ, ಗೊಬ್ಬರದ ಅಂಗಡಿ, ಟ್ರ್ಯಾಕ್ಟರ್ ಕಂತು, ಮದುವೆ ಎಂದು ಅಷ್ಟೇ ಬೇಗ ಹಂಚಿಹೋಗುತ್ತದೆ. ಆ ವಾರ ಖಾತೆ ಪುಸ್ತಕ ತೆಗೆಯದ ಅಂಗಡಿಯವ ಮುಂದಿನ ಬೆಳೆಯವರೆಗೆ ಕಾಯಬೇಕು. ದೇವದುರ್ಗದ ಕಡೆ ಹತ್ತಿ ಹೆಚ್ಚು. ಹತ್ತಿಯನ್ನು ಒಂದೇ ಸಲ ಕೊಯ್ಯುವುದಿಲ್ಲ, ಸುತ್ತು ಸುತ್ತಾಗಿ ಬಿಡಿಸುತ್ತಾರೆ. ಮೊದಲ ಸುತ್ತಿಗೆ ಇಷ್ಟು, ಎರಡನೆಯದಕ್ಕೆ ಇಷ್ಟು ಎಂದು ಉದ್ರಿಯನ್ನೂ ಕಂತಿನಲ್ಲಿ ಕೇಳಿದರೆ ರೈತನಿಗೂ ಭಾರವಾಗುವುದಿಲ್ಲ.

ಎರಡನೇ ಬೆಳೆಯ ನಂಬಿಕೆಯ ಮೇಲೆ ಮಾತ್ರ ದೊಡ್ಡ ಉದ್ರಿ ಬಿಡಬೇಡಿ. ಮಾನ್ವಿ, ರಾಯಚೂರು ಎರಡೂ ಕಾಲುವೆಯ ಕೊನೆಭಾಗ. ಮೇಲಿನವರು ಬಿಟ್ಟು ಉಳಿದ ನೀರೇ ಇಲ್ಲಿಗೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್‌ಗೇಟ್ ಕೊಚ್ಚಿಹೋದಾಗ ರೈತರಷ್ಟೇ ಕಿರಾಣಿ ಅಂಗಡಿಯವರೂ ಕಂಗಾಲಾಗಬೇಕಿತ್ತು. ಅವರ ಬಾಕಿಯೂ ಅದೇ ನೀರಿನಲ್ಲಿತ್ತು. ಜಲಾಶಯದ ಮಟ್ಟ, ನೀರಾವರಿ ಸಲಹಾ ಸಮಿತಿಯ ತೀರ್ಮಾನ, ಇವನ್ನು ಪತ್ರಿಕೆಯಲ್ಲಿ ಓದಿ ಆ ವರ್ಷದ ಉದ್ರಿಯ ಮಿತಿ ಹಾಕುವವನನ್ನು ನಾನು ಪಕ್ಕಾ ವ್ಯಾಪಾರಿ ಎನ್ನುತ್ತೇನೆ.

ಗುಳೆ ಹೋಗುವ ಮನೆಗಳ ವಿಷಯದಲ್ಲಿ ಅನೇಕರು ಅನ್ಯಾಯ ಮಾಡುತ್ತಾರೆ. ಸುಗ್ಗಿ ಮುಗಿದು ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೊರಟವರು ಓಡಿಹೋದರೆಂದು ಬಾಯಿಗೆ ಬಂದಂತೆ ಮಾತಾಡುವುದು ತಪ್ಪು. ಅವರು ಯುಗಾದಿಗೋ ಮೊಹರಂಗೋ ಊರಿಗೆ ಬಂದೇ ಬರುತ್ತಾರೆ. ಹೋಗುವ ಮುಂಚೆ ಕೂತು ಲೆಕ್ಕ ನೋಡಿ, ಬಾಕಿ ಎಷ್ಟೆಂದು ಇಬ್ಬರೂ ಒಪ್ಪಿ ಬರೆದಿಟ್ಟುಕೊಳ್ಳಿ. ಈಗ ಫೋನಿನಲ್ಲೇ ತಿಂಗಳಿಗೆ ಐನೂರು ಕಳಿಸುವುದು ಅವರಿಗೂ ಸುಲಭ.

ಬರೆಯುವ ಕ್ರಮಕ್ಕೂ ಬೆಲೆಯಿದೆ. ಆ ಕೆಂಪು ಬಟ್ಟೆಯ ಉದ್ದನೆ ಪುಸ್ತಕದಲ್ಲಿ ‘ಎಣ್ಣಿ, ಸಕ್ಕರಿ, ಸಬಕಾರ, 340’ ಎಂದಷ್ಟೇ ಗೀಚಿ, ತಾರೀಖು ಹಾಕದ ಪುಟ ಜಗಳಕ್ಕೆ ದಾರಿ. ವಾಯಿದೆ ಗೊತ್ತುಮಾಡದೆ ಕೊಟ್ಟ ಮಾಲಿನ ಬಾಕಿಗೆ ದಾವೆ ಹೂಡಲು 1963ರ ಕಾಲಮಿತಿ ಕಾಯ್ದೆ ಕೊಡುವುದು ಮೂರು ವರ್ಷ. ಅಷ್ಟರೊಳಗೆ ಗಿರಾಕಿ ಬಾಕಿಯನ್ನು ಬರಹದಲ್ಲಿ ಒಪ್ಪಿ ಸಹಿ ಮಾಡಿದರೆ ಆ ದಿನದಿಂದ ಹೊಸದಾಗಿ ಮೂರು ವರ್ಷ ಸಿಗುತ್ತದೆ. ಕೋರ್ಟಿಗೆ ಹೋಗಬೇಕೆಂದಲ್ಲ. ಪ್ರತಿ ದೀಪಾವಳಿ ಪಾಡ್ಯಕ್ಕೆ ಹೊಸ ಖಾತೆ ಬರೆಯುವಾಗ ಹಳೆ ಬಾಕಿಯ ಕೆಳಗೆ ಒಂದು ಸಹಿ ಹಾಕಿಸಿಕೊಂಡರೆ ಮರೆವಿಗೂ ಮನಸ್ತಾಪಕ್ಕೂ ಎಡೆಯಿರುವುದಿಲ್ಲ.

ವಸೂಲಿಯ ರೊಕ್ಕ ಫೋನ್‌ಪೇ, ಗೂಗಲ್‌ಪೇನಲ್ಲಿ ಬರುತ್ತಿದ್ದರೆ ಅಂಗಡಿಗೇ ಒಂದು ಬ್ಯಾಂಕ್ ಖಾತೆ ಇರಲಿ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ, ಅಣ್ಣ ಕಳಿಸಿದ ರೊಕ್ಕ ಯಾವುದು, ಮಾಲು ಮಾರಿದ್ದು ಯಾವುದು ಎಂದು ಬೇರ್ಪಡಿಸಲಾಗದೆ ಬಹಳ ಮಂದಿ ಪೇಚಾಡಿದರು. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ವಹಿವಾಟು. ಉದ್ರಿ ಕೊಟ್ಟ ಮಾಲೂ ಕೊಟ್ಟ ದಿನವೇ ಆ ಲೆಕ್ಕಕ್ಕೆ ಸೇರುತ್ತದೆ, ರೊಕ್ಕ ಯಾವಾಗ ಬಂದರೂ ಸರಿ.