ಮುಖಪುಟದ ಸಾಕ್ಷ್ಯ

ಪತ್ರಿಕೆಯೊಂದನ್ನು ಕೈಗೆತ್ತಿಕೊಂಡಾಗ ನಮ್ಮ ಕಣ್ಣು ಮೊದಲು ನೆಡುವುದು ಮುಖಪುಟದ ಚಿತ್ರದ ಮೇಲೆ. ಲೇಖನವನ್ನು ಓದದೆ ಮಡಚಿಟ್ಟರೂ ಆ ಚಿತ್ರ ಮನಸ್ಸಿನಲ್ಲಿ ಉಳಿದುಬಿಡುತ್ತದೆ. ಅಂಥ ಒಂದು ಮುಖಪುಟವನ್ನು ಇಂದು ನಿಮ್ಮೊಡನೆ ಪರಿಶೀಲಿಸಲು ಬಯಸುತ್ತೇನೆ.

ಅದು ಅಮೆರಿಕದ 'ನ್ಯೂಸ್‌ವೀಕ್' ವಾರಪತ್ರಿಕೆಯ 2012ರ ಸೆಪ್ಟೆಂಬರ್ 24ರ ಸಂಚಿಕೆ. ಪ್ರವಾದಿ ಮಹಮ್ಮದರನ್ನು ಹೀಯಾಳಿಸುವ ಚಲನಚಿತ್ರದ ತುಣುಕೊಂದು ಅಂತರಜಾಲದಲ್ಲಿ ಹರಡಿ, ಹಲವು ದೇಶಗಳಲ್ಲಿ ಪ್ರತಿಭಟನೆ ಭುಗಿಲೆದ್ದಿದ್ದ ದಿನಗಳವು. ಮುಖಪುಟದಲ್ಲಿ ಗಡ್ಡಧಾರಿ ಗಂಡಸರು ಬಾಯ್ತೆರೆದು ಕೂಗುತ್ತಿದ್ದಾರೆ. ಅವರು ಯಾರು, ಅದು ಯಾವ ಊರು ಎಂಬುದನ್ನು ಚಿತ್ರ ಹೇಳುವುದಿಲ್ಲ. ದಪ್ಪಕ್ಷರಗಳಲ್ಲಿ ಎರಡೇ ಪದಗಳಿವೆ: 'ಮುಸ್ಲಿಂ ಕ್ರೋಧ'. ಅದರಿಂದ ತಾನು ಪಾರಾದ ಬಗೆಯನ್ನೂ 'ನಾವು' ಅದನ್ನು ಕೊನೆಗಾಣಿಸುವ ಬಗೆಯನ್ನೂ ಲೇಖಕಿ ಅಯಾನ್ ಹಿರ್ಸಿ ಅಲಿ ತಿಳಿಸುವರೆಂಬ ಸೂಚನೆಯೂ ಇದೆ.

ಲೇಖಕಿಯ ಭಯ ಕಲ್ಪನೆಯದಲ್ಲ. ಅವರೊಡನೆ ಕಿರುಚಿತ್ರ ತಯಾರಿಸಿದ್ದ ನಿರ್ದೇಶಕ ಥಿಯೋ ವಾನ್ ಗೋ 2004ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಬೀದಿಯಲ್ಲಿ ಮತಾಂಧನೊಬ್ಬನ ಕೈಯಲ್ಲಿ ಹತರಾದರು. 2012ರ ಸೆಪ್ಟೆಂಬರ್ 11ರಂದು ಲಿಬಿಯದ ಬೆಂಗಾಜಿಯಲ್ಲಿ ಆರಂಭವಾದ ದಾಳಿಯಲ್ಲಿ ಅಮೆರಿಕದ ರಾಯಭಾರಿ ಕ್ರಿಸ್ಟೋಫರ್ ಸ್ಟೀವನ್ಸ್ ಮತ್ತು ಇತರ ಮೂವರು ಪ್ರಾಣ ತೆತ್ತರು. ಇವನ್ನು ಮರೆಮಾಚಬೇಕಾಗಿಲ್ಲ. ಮುಖಪುಟದ ಗಂಡಸರು ಕೂಗಿದ್ದೂ ನಿಜ. ಸುಳ್ಳು ಅಡಗಿರುವುದು ಆ ಚಿತ್ರಕ್ಕೆ ಕೊಟ್ಟ ಹೆಸರಿನಲ್ಲಿ. ಕೆಲವರ ಕೋಪಕ್ಕೆ ಸಮುದಾಯದ ಹೆಸರಿಟ್ಟೊಡನೆ 150 ಕೋಟಿಗೂ ಹೆಚ್ಚು ಜನರ ಮುಖ ಅಳಿಸಿಹೋಯಿತು. ಆ 'ನಾವು' ಎಂಬ ಪದವನ್ನೂ ಗಮನಿಸಿ. ಅದನ್ನು ಓದುವ ಮುಸ್ಲಿಂ ತಾಯಿಯೊಬ್ಬಳಿಗೆ ಅದರೊಳಗೆ ಸ್ಥಳವಿದೆಯೇ?

ರಾಯಭಾರಿಯ ಹತ್ಯೆಯಾದ ಬೆನ್ನಲ್ಲೇ ಬೆಂಗಾಜಿಯ ನಾಗರಿಕರು, ಇದು ನಮ್ಮ ಧರ್ಮದ ನಡೆಯಲ್ಲವೆಂದು ಕ್ಷಮೆ ಕೋರುವ ಫಲಕಗಳನ್ನು ಹಿಡಿದು ಬೀದಿಗಿಳಿದಿದ್ದರು. ಆ ಚಿತ್ರಗಳೂ ಆಗಲೇ ಲಭ್ಯವಿದ್ದವು, ಮುಖಪುಟಕ್ಕೆ ಏರಲಿಲ್ಲ. ಕೂಗುವ ಬಾಯಿ ಅಂಗಡಿಯ ಸಾಲಿನಲ್ಲಿ ದೂರದಿಂದಲೇ ಗ್ರಾಹಕನನ್ನು ಸೆಳೆಯುತ್ತದೆ. ಕ್ಷಮೆ ಕೇಳುವ ಕೈ ಸೆಳೆಯುವುದಿಲ್ಲ.

ಪತ್ರಿಕೆಯು ಟ್ವಿಟರ್‌ನಲ್ಲಿ ಅದೇ ಶೀರ್ಷಿಕೆಯಡಿ ಅಭಿಪ್ರಾಯ ಕೇಳಿದಾಗ ಅನೇಕ ಮುಸ್ಲಿಮರು ನಗೆಮಾತಿನಿಂದಲೇ ಉತ್ತರಿಸಿದರು. ಎಂದಿಗಿಂತ ಚೆನ್ನಾಗಿ ಕುಳಿತ ಕೂದಲು ಯಾರಿಗೂ ಕಾಣದೆಹೋದ ಸಂಕಟ ಒಬ್ಬಳದು. ವಿಮಾನ ನಿಲ್ದಾಣದಲ್ಲಿ ಕಳೆದುಹೋದ ಜಿಹಾದ್ ಎಂಬ ಹುಡುಗನನ್ನು ಕೂಗಿ ಕರೆಯಲಾಗದ ಪೇಚು ಇನ್ನೊಬ್ಬರದು. ಮುಖಪುಟ ಅಳಿಸಿದ್ದ ಮುಖಗಳು ಹೀಗೆ ಮರಳಿ ಬಂದವು.

ನೆರೆಯವರ ವಿರುದ್ಧ ಸುಳ್ಳುಸಾಕ್ಷಿ ನುಡಿಯಬಾರದೆಂಬ ದೇವರ ಕಟ್ಟಳೆಯನ್ನು ನಾವು ನಾಲಿಗೆಗೆ ಮಾತ್ರ ಅನ್ವಯಿಸಿಕೊಳ್ಳುತ್ತೇವೆ. ಆದರೆ ನಿಜವಾದ ಚಿತ್ರವೂ ಸುಳ್ಳುಸಾಕ್ಷಿ ನುಡಿಯಬಲ್ಲದು. ಇಂದು ಅಂಥ ಚಿತ್ರಗಳು ನೇರವಾಗಿ ನಿಮ್ಮ ಮೊಬೈಲಿಗೇ ಬರುತ್ತವೆ. ಮುಂದಕ್ಕೆ ಕಳುಹಿಸುವ ಮುನ್ನ ಮಕ್ಕಳೊಡನೆ ಕುಳಿತು ಕೇಳಿರಿ: ಇವರು ಯಾರು? ಎಲ್ಲಿಯವರು? ಇದು ಎಂದಿನದು? ಉತ್ತರ ದೊರೆಯದಿದ್ದರೆ, ಆ ಸಾಕ್ಷ್ಯಕ್ಕೆ ನಿಮ್ಮ ಸಹಿ ಬೇಡ.