ಮನೆಯ ಫೋಟೊ ಪ್ರಿಂಟರ್: ಆಯ್ಕೆಯ ಮಾನದಂಡಗಳ ವಿಮರ್ಶೆ

ಛಾಯಾಚಿತ್ರಗಳನ್ನು ಮನೆಯಲ್ಲೇ ಮುದ್ರಿಸಿಕೊಳ್ಳಬೇಕೆಂದು ಇಂಕ್‌ಜೆಟ್ ಪ್ರಿಂಟರ್ ಕೊಳ್ಳಲು ಹೊರಟವರ ಮುಂದೆ ಮಾರಾಟಗಾರರು ಮೊದಲಿಗೆ ಇಡುವ ಅಂಕಿ ಡಿಪಿಐ, ಅಂದರೆ ಒಂದು ಅಂಗುಲ ಉದ್ದದಲ್ಲಿ ಯಂತ್ರವು ಇಡಬಲ್ಲ ಶಾಯಿಯ ಚುಕ್ಕೆಗಳ ಸಂಖ್ಯೆ. ಆದರೆ ಆರು ಬಣ್ಣದ ಟ್ಯಾಂಕ್ ಪ್ರಿಂಟರ್ ಆದ ಎಪ್ಸನ್ ಎಲ್8050ಕ್ಕೂ, ಅದೇ ಸಂಸ್ಥೆಯ ಹತ್ತು ಬಣ್ಣದ, ಬೆಲೆಯಲ್ಲಿ ಅದಕ್ಕಿಂತ ಬಹಳ ದುಬಾರಿಯಾದ ಶೂರ್‌ಕಲರ್ ಪಿ700ಕ್ಕೂ ಈ ಅಂಕಿ ಒಂದೇ: 5760×1440. ಒಂದೇ ಅಂಕಿ ಹೊತ್ತ ಎರಡು ಯಂತ್ರಗಳು ಅಷ್ಟು ಭಿನ್ನವಾದ ಚಿತ್ರಗಳನ್ನು ಕೊಡುತ್ತವೆಂದರೆ ಗುಣಮಟ್ಟದ ಮೂಲವನ್ನು ಬೇರೆಡೆ ಹುಡುಕಬೇಕಾಗುತ್ತದೆ. ಶಾಯಿಯ ಸ್ವರೂಪ, ಕಾಗದದ ಲೇಪ, ಬಣ್ಣದ ನಿಯಂತ್ರಣ ಮತ್ತು ಯಂತ್ರವನ್ನು ಬಳಸುವ ಕ್ರಮ ಈ ನಾಲ್ಕೂ ಕೂಡಿಬಂದಾಗ ಮಾತ್ರ ಒಳ್ಳೆಯ ಚಿತ್ರ ಹುಟ್ಟುತ್ತದೆ. ಅವುಗಳಲ್ಲಿ ಎಲ್ಲಕ್ಕಿಂತ ನಿರ್ಣಾಯಕವಾದ ಕೊನೆಯದೇ ಕೊಳ್ಳುವವರ ಗಮನಕ್ಕೆ ಅತ್ಯಂತ ಕಡಿಮೆ ಬರುತ್ತದೆ.

ಇಂಕ್‌ಜೆಟ್ ಯಂತ್ರಕ್ಕೆ ತೆಳುಬಣ್ಣ ಎಂಬುದೇ ಇಲ್ಲ. ಅದು ಚುಕ್ಕೆಗಳನ್ನು ವಿರಳವಾಗಿ ಚೆಲ್ಲಿ, ನಡುವೆ ಕಾಣುವ ಬಿಳಿ ಕಾಗದದ ನೆರವಿನಿಂದ ತೆಳುಬಣ್ಣದ ಭ್ರಮೆ ಹುಟ್ಟಿಸುತ್ತದೆ. ಸಯಾನ್, ಮಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕೇ ಶಾಯಿಗಳಿರುವ ಕಚೇರಿ ಪ್ರಿಂಟರ್‌ನಲ್ಲಿ ಮುದ್ರಿಸಿದ ಮುಖಚಿತ್ರವನ್ನು ಭೂತಗನ್ನಡಿಯಲ್ಲಿ ನೋಡಿದರೆ, ಕೆನ್ನೆಯ ಮೇಲೆ ಬೆಳಕು ಬಿದ್ದ ಕಡೆ ಮಜೆಂಟಾ ಚುಕ್ಕೆಗಳು ಒಂದೊಂದಾಗಿ ಎದ್ದು ಕಾಣುತ್ತವೆ, ಬರಿಗಣ್ಣಿಗೆ ಅದೇ ಭಾಗ ತರಿತರಿಯಾಗಿ ತೋರುತ್ತದೆ. ಎಲ್8050 ಈ ನಾಲ್ಕರ ಜೊತೆಗೆ ತೆಳು ಸಯಾನ್ ಮತ್ತು ತೆಳು ಮಜೆಂಟಾ ಶಾಯಿಗಳನ್ನು ಸೇರಿಸಿಕೊಂಡು, 1.5 ಪಿಕೊಲೀಟರ್‌ನಷ್ಟು, ಅಂದರೆ ಲೀಟರಿನ ಲಕ್ಷ ಕೋಟಿಯಲ್ಲಿ ಒಂದೂವರೆ ಭಾಗದಷ್ಟು, ಸಣ್ಣ ಹನಿಗಳನ್ನು ಚಿಮ್ಮಿಸುವುದರಿಂದ ಚರ್ಮದ ಮತ್ತು ಆಕಾಶದ ವರ್ಣಗಳು ನುಣುಪಾಗಿ ಹರಿಯುತ್ತವೆ. ಕ್ಯಾನನ್ ಜಿ570 ಕೂಡ ಆರು ಶಾಯಿಗಳದ್ದೇ ಆದರೂ ಅದರ ಹೆಚ್ಚುವರಿ ಶಾಯಿಗಳು ಕೆಂಪು ಮತ್ತು ಬೂದು. ಹಾಗಾಗಿ ರೇಷ್ಮೆ ಸೀರೆಯ ಗಾಢ ಕೆಂಪಿಗೂ ಕಪ್ಪು-ಬಿಳುಪು ಚಿತ್ರಗಳಿಗೂ ಅದು ಹೆಚ್ಚು ಒದಗುತ್ತದೆ. ಶಾಯಿಗಳು ಎಷ್ಟು ಎಂಬ ಪ್ರಶ್ನೆಗಿಂತ ಯಾವುವು ಎಂಬ ಪ್ರಶ್ನೆ ಮುಖ್ಯವೆಂಬುದಕ್ಕೆ ಈ ಎರಡು ಯಂತ್ರಗಳ ಹೋಲಿಕೆಯೇ ಸಾಕ್ಷಿ.

ಶಾಯಿಯ ರಾಸಾಯನಿಕ ಸ್ವರೂಪ ಎರಡನೆಯ ಪ್ರಶ್ನೆ. ಡೈ ಶಾಯಿಯಲ್ಲಿ ಬಣ್ಣವು ದ್ರವದಲ್ಲಿ ಪೂರ್ತಿಯಾಗಿ ಕರಗಿರುತ್ತದೆ. ಪಿಗ್ಮೆಂಟ್ ಶಾಯಿಯಲ್ಲಿ ಅದು ಅತಿಸೂಕ್ಷ್ಮ ಘನಕಣಗಳಾಗಿ ತೇಲುತ್ತಿದ್ದು, ಮುದ್ರಣದ ನಂತರ ಕಾಗದದ ಮೇಲ್ಮೈ ಬಳಿಯೇ ನೆಲೆಸುತ್ತದೆ. ಮೊದಲನೆಯದು ಹೊಳಪಿನ ಕಾಗದದ ಮೇಲೆ ಕಾಂತಿಯಿಂದ ಬೆಳಗುತ್ತದೆ, ಎರಡನೆಯದು ಬೆಳಕನ್ನೂ ಗಾಳಿಯನ್ನೂ ಹೆಚ್ಚು ಕಾಲ ತಡೆದುಕೊಳ್ಳುತ್ತದೆ. 2000ದಲ್ಲಿ ಬಂದ ಎಪ್ಸನ್ ಸ್ಟೈಲಸ್ ಫೋಟೊ 1270 ಡೈ ಶಾಯಿಯ ಸೊಗಸಾದ ಚಿತ್ರಗಳನ್ನು ಕೊಟ್ಟರೂ, ಗಾಳಿಯಲ್ಲಿನ ಓಝೋನ್ ಸಯಾನ್ ಬಣ್ಣವನ್ನು ಹಾಳುಗೆಡವಿದ್ದರಿಂದ ತೆರೆದಿಟ್ಟ ಕೆಲವು ಚಿತ್ರಗಳು ಬಹುಬೇಗ ಕಿತ್ತಳೆಗೆ ತಿರುಗಿದವು. ಅದೇ ವರ್ಷ ಬಂದ ಪಿಗ್ಮೆಂಟ್ ಶಾಯಿಯ 2000ಪಿ ಬಾಳಿಕೆಯ ಸಮಸ್ಯೆಯನ್ನು ನೀಗಿಸಿದರೂ, ಅದರ ಚಿತ್ರಗಳು ದೀಪದ ಬೆಳಕಿನಲ್ಲಿ ಸರಿಯಾಗಿದ್ದು ಹಗಲು ಬೆಳಕಿನಲ್ಲಿ ಹಸಿರು ಛಾಯೆ ತಳೆಯುತ್ತಿದ್ದವು. 2002ರಲ್ಲಿ 2200 ಮಾದರಿಯು ತೆಳು ಕಪ್ಪು, ಅಂದರೆ ಬೂದು, ಶಾಯಿಯನ್ನು ಸೇರಿಸಿದ ಮೇಲೆಯೇ ಈ ದೋಷ ಗಣನೀಯವಾಗಿ ತಗ್ಗಿತು.

ಈ ಇತಿಹಾಸದಿಂದ ಎರಡು ತೀರ್ಮಾನಗಳು ಹೊರಡುತ್ತವೆ. ಬೂದು ಶಾಯಿಯಿಲ್ಲದ ಯಂತ್ರವು ಬೂದುಬಣ್ಣವನ್ನು ಮೂರು ಬಣ್ಣಗಳ ಬೆರಕೆಯಿಂದ ಕಟ್ಟುವುದರಿಂದ, ಆ ಬೆರಕೆ ಕೊಂಚ ಏರುಪೇರಾದರೂ ಕಪ್ಪು-ಬಿಳುಪು ಚಿತ್ರಕ್ಕೆ ಬೇಡದ ಬಣ್ಣ ಅಂಟಿಕೊಳ್ಳುತ್ತದೆ ಎಂಬುದು ಮೊದಲನೆಯದು. ಹಾಗಾಗಿ ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಕಪ್ಪು-ಬಿಳುಪು ಚಿತ್ರಗಳಲ್ಲಿನ ಬೂದಿನ ಮೆಟ್ಟಿಲುಗಳನ್ನು ಮೆಚ್ಚಿ ಆ ಹಾದಿಯಲ್ಲಿ ಕೆಲಸ ಮಾಡಬಯಸುವವರು ಬೂದು ಶಾಯಿಯ ವಿಷಯದಲ್ಲಿ ರಾಜಿ ಮಾಡಿಕೊಳ್ಳಲಾಗದು. ಬಾಳಿಕೆಯ ವರ್ಷಗಳ ಘೋಷಣೆಯನ್ನು ಅದರ ಷರತ್ತುಗಳೊಂದಿಗೇ ಓದಬೇಕೆಂಬುದು ಎರಡನೆಯದು. ಈ ಕ್ಷೇತ್ರದ ಪ್ರಸಿದ್ಧ ಪರೀಕ್ಷಕ ಹೆನ್ರಿ ವಿಲ್‌ಹೆಲ್ಮ್ ಅವರ ಸಂಸ್ಥೆಯು ಪ್ರದರ್ಶನದ ಬಾಳಿಕೆಯನ್ನು ದಿನಕ್ಕೆ 12 ಗಂಟೆ, 450 ಲಕ್ಸ್ ಬೆಳಕು ಎಂಬ ಲೆಕ್ಕದ ಮೇಲೆ ಅಂದಾಜು ಮಾಡುತ್ತದೆ. ಬಿಸಿಲು ನೇರವಾಗಿ ಬೀಳುವ ಹಜಾರದ ಗೋಡೆಯಲ್ಲಿ, ಗಾಜಿಲ್ಲದೆ ತೂಗುಹಾಕಿದ ಚಿತ್ರಕ್ಕೆ ಆ ವರ್ಷಗಳು ಅನ್ವಯಿಸುವುದಿಲ್ಲ.

ಕಾಗದವನ್ನು ಯಂತ್ರದಿಂದ ಬೇರ್ಪಡಿಸಿ ನೋಡುವುದು ಆಯ್ಕೆಯಲ್ಲಿ ಆಗುವ ಸಾಮಾನ್ಯ ತಪ್ಪು. ಫೋಟೊ ಕಾಗದದ ಮೇಲೆ ಶಾಯಿಯನ್ನು ಹಿಡಿದುಕೊಳ್ಳುವ ಲೇಪವಿರುತ್ತದೆ. ಆ ಲೇಪ ಹೇಗಿದೆಯೆಂಬುದರ ಮೇಲೆ ಕಪ್ಪಿನ ಆಳ, ಬಣ್ಣದ ವ್ಯಾಪ್ತಿ ಮತ್ತು ಬಾಳಿಕೆ ಮೂರೂ ನಿಂತಿವೆ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರದ ಸ್ಟೇಷನರಿ ಅಂಗಡಿಯವರೆಗೆ ಸಿಗುವ ಅಗ್ಗದ ಗ್ಲಾಸಿ ಕಾಗದಗಳಲ್ಲಿ ಅನೇಕವು ಡೈ ಶಾಯಿಗೆಂದೇ ತಯಾರಾದವು. ಅವುಗಳ ಮೇಲೆ ಪಿಗ್ಮೆಂಟ್ ಶಾಯಿ ಬೆರಳು ತಾಗಿದರೆ ಕದಡಬಹುದು. ಕಾಗದಕ್ಕೆ ತಕ್ಕ ಪ್ರೊಫೈಲ್, ಅಂದರೆ ಈ ಯಂತ್ರದಲ್ಲಿ ಈ ಕಾಗದದ ಮೇಲೆ ಈ ಶಾಯಿ ಯಾವ ಬಣ್ಣ ಕೊಡುತ್ತದೆಂದು ಕಂಪ್ಯೂಟರ್‌ಗೆ ತಿಳಿಸುವ ಕಡತವೂ ಬೇಕು. ಕಾಗದದ ತಯಾರಕರು ಹೆಚ್ಚಾಗಿ ಉನ್ನತ ದರ್ಜೆಯ ಪ್ರಿಂಟರ್‌ಗಳಿಗೇ ಇಂಥ ಪ್ರೊಫೈಲ್ ಒದಗಿಸುವುದರಿಂದ, ಟ್ಯಾಂಕ್ ಪ್ರಿಂಟರ್ ಕೊಂಡವರು ಪ್ರಿಂಟರ್ ಕಂಪನಿಯ ಕಾಗದಕ್ಕೇ ಅಂಟಿಕೊಳ್ಳುವುದು ಕ್ಷೇಮ. ಮಾನಿಟರ್‌ನ ಬೆಳಕನ್ನು ತಗ್ಗಿಸಿ ಹೊಂದಿಸದೆ ಮುದ್ರಿಸಿದ ಚಿತ್ರ ಕಪ್ಪಾಗಿ ಬಂದಾಗ ಪ್ರಿಂಟರನ್ನು ದೂರುವುದೂ ಸಾಮಾನ್ಯ. ವಾಸ್ತವದಲ್ಲಿ ಅಲ್ಲಿ ತಿದ್ದಬೇಕಾದದ್ದು ಪರದೆಯನ್ನು.

ಇನ್ನು ಬಳಕೆಯ ಕ್ರಮ. ಪ್ರಿಂಟರ್‌ನ ಹೆಡ್‌ನಲ್ಲಿರುವ ನಾಝಲ್‌ಗಳು, ಅಂದರೆ ಶಾಯಿ ಚಿಮ್ಮುವ ರಂಧ್ರಗಳು, ಕೂದಲೆಳೆಗಿಂತ ಸಣ್ಣವಾಗಿದ್ದು ವಾರಗಟ್ಟಲೆ ಸುಮ್ಮನಿದ್ದರೆ ಶಾಯಿ ಒಣಗಿ ಕಟ್ಟಿಕೊಳ್ಳುತ್ತವೆ. ಕಲಬುರಗಿ, ರಾಯಚೂರುಗಳ ಒಣ ಬೇಸಿಗೆಯಲ್ಲಿ ಈ ತೊಂದರೆ ಹೆಚ್ಚು. ಕರಾವಳಿಯ ಮಳೆಗಾಲದಲ್ಲಿ ಅದಕ್ಕಿಂತ ಕಾಗದ ತೇವ ಹೀರಿ ಬಾಗುವ ಕಾಟ ದೊಡ್ಡದು. ಯಂತ್ರವನ್ನು ಅದರದೇ ಬಟನ್ ಒತ್ತಿ ಆರಿಸಿದಾಗ ಹೆಡ್ ಒಂದು ತುದಿಗೆ ಸರಿದು ರಬ್ಬರ್ ಮುಚ್ಚಳದ ಮೇಲೆ ಕೂರುತ್ತದೆ, ನಾಝಲ್‌ಗಳು ಗಾಳಿಗೆ ಮುಚ್ಚಿಕೊಳ್ಳುತ್ತವೆ. ಮುದ್ರಣದ ನಡುವೆ ಗೋಡೆಯ ಸ್ವಿಚ್ ಆರಿಸಿದರೆ ಅಥವಾ ಕರೆಂಟು ಹೋದರೆ ಹೆಡ್ ಅರ್ಧದಾರಿಯಲ್ಲೇ ತೆರೆದು ನಿಂತುಬಿಡುತ್ತದೆ. ಹಾಗೆ ಕಟ್ಟಿಕೊಂಡ ನಾಝಲ್‌ಗಳನ್ನು ಬಿಡಿಸಲು ನಡೆಸುವ ಪ್ರತಿಯೊಂದು ಕ್ಲೀನಿಂಗ್‌ನಲ್ಲೂ ಶಾಯಿ ಚಿತ್ರವಾಗದೆ ವ್ಯರ್ಥ ಪೆಟ್ಟಿಗೆಗೆ ಹರಿದುಹೋಗುತ್ತದೆ. 70 ಮಿಲಿಲೀಟರ್ ಬಾಟಲಿಗಳಿಂದ ತುಂಬುವ ಟ್ಯಾಂಕ್ ಪ್ರಿಂಟರ್‌ಗೆ ಈ ನಷ್ಟ ಸಹ್ಯವಾದರೆ, ಹತ್ತು ಕಾರ್ಟ್ರಿಡ್ಜ್‌ಗಳಲ್ಲಿ ಒಂದೊಂದರಲ್ಲೂ 14.4 ಮಿಲಿಲೀಟರ್ ಮಾತ್ರ ಹಿಡಿಯುವ ಕ್ಯಾನನ್ ಪ್ರೊ-300ರಂಥ ಯಂತ್ರಕ್ಕೆ ಅದು ನೇರವಾಗಿ ಜೇಬಿಗೆ ತಾಗುವ ವೆಚ್ಚ.

ಈ ಮಾನದಂಡಗಳಿಂದ ತೂಗಿದಾಗ, ವರ್ಷಕ್ಕೆ ಹತ್ತಾರು ಚಿತ್ರಗಳನ್ನಷ್ಟೇ ಬಯಸುವ ಮನೆಗೆ ಯಾವ ಪ್ರಿಂಟರೂ ಸೂಕ್ತವಲ್ಲ. ಬೆಳಕಿನಿಂದ ಬಣ್ಣ ಮೂಡಿಸುವ ಕಾಗದ ಬಳಸುವ ಒಳ್ಳೆಯ ಲ್ಯಾಬ್ ಕಡಿಮೆ ಖರ್ಚಿನಲ್ಲಿ ಹೆಚ್ಚು ನಂಬಿಕೆಯ ಫಲ ಕೊಡುತ್ತದೆ. ವಾರಕ್ಕೊಮ್ಮೆಯಾದರೂ ಮುದ್ರಿಸುವ, ಆಲ್ಬಂ ಮತ್ತು ಎ4 ಅಳತೆಗೆ ತೃಪ್ತರಾಗುವ ಕುಟುಂಬಕ್ಕೆ ಆರು ಶಾಯಿಯ ಟ್ಯಾಂಕ್ ಪ್ರಿಂಟರ್ ಉತ್ತಮ ಆಯ್ಕೆ. ಎ4 ಹಾಳೆಗೆ ಅಂಗುಲಕ್ಕೆ 300 ಪಿಕ್ಸೆಲ್‌ನಂತೆ ಸುಮಾರು 87 ಲಕ್ಷ ಪಿಕ್ಸೆಲ್‌ಗಳು ಸಾಕಾಗುವುದರಿಂದ 12 ಮೆಗಾಪಿಕ್ಸೆಲ್‌ನ ಮೊಬೈಲ್ ಚಿತ್ರವೂ ಅಲ್ಲಿ ಸಲ್ಲುತ್ತದೆ. 13×19 ಅಂಗುಲದ ದೊಡ್ಡ ಚಿತ್ರಗಳ ಹೊಳಪನ್ನೇ ಬಯಸುವವರಿಗೆ ಬೂದು ಶಾಯಿಗಳೂ ಇರುವ ಎಂಟು ಡೈ ಶಾಯಿಯ ಕ್ಯಾನನ್ ಪ್ರೊ-200 ಒಪ್ಪುತ್ತದೆ. ಪಿಗ್ಮೆಂಟ್ ಶಾಯಿಯ ಪ್ರೊ-300 ಮತ್ತು ಪಿ700 ಎರಡೂ ಪ್ರದರ್ಶನಕ್ಕೋ ಮಾರಾಟಕ್ಕೋ ಹತ್ತಿಯ ಕಾಗದದ ಮೇಲೆ ನಿಯಮಿತವಾಗಿ ಮುದ್ರಿಸುವವರ ಯಂತ್ರಗಳು. ಅಪರೂಪಕ್ಕೊಮ್ಮೆ ಬಳಸುವವರ ಕೈಯಲ್ಲಿ ಅವುಗಳ ಶ್ರೇಷ್ಠತೆಯೇ ಅವರಿಗೆ ಹೊರೆಯಾಗುತ್ತದೆ.

ಆದ್ದರಿಂದ ಕೊಳ್ಳುವ ಮುನ್ನ ಮಾಡಬೇಕಾದ ಪರೀಕ್ಷೆ ಸರಳವಾದದ್ದು. ಮುಖದ ಚರ್ಮ, ಕಪ್ಪು ಬಟ್ಟೆಯ ಮಡಿಕೆ ಮತ್ತು ಒಂದು ಬೂದು ಪಟ್ಟಿ ಇರುವ ಸ್ವಂತ ಚಿತ್ರವೊಂದನ್ನು, ಮುಂದೆ ಬಳಸಲಿರುವ ಕಾಗದದ ಮೇಲೆಯೇ ಮುದ್ರಣ ಮಾಡಿಸಿಕೊಂಡು, ಶಾಯಿ ಪೂರ್ತಿ ಆರಲು ಒಂದು ದಿನ ಬಿಟ್ಟು, ಕಿಟಕಿಯ ಹಗಲು ಬೆಳಕಿನಲ್ಲೂ ಮನೆಯ ಎಲ್‌ಇಡಿ ಬೆಳಕಿನಲ್ಲೂ ನೋಡಬೇಕು. ಎರಡೂ ಬೆಳಕಿನಲ್ಲಿ ಬೂದು ಬೂದಾಗಿಯೇ ಉಳಿದು, ಮಡಿಕೆಗಳ ವಿವರ ಕಪ್ಪಿನಲ್ಲಿ ಮುಳುಗದೆ, ಕೆನ್ನೆಯ ಮೇಲೆ ಚುಕ್ಕೆ ಕಾಣದಿದ್ದರೆ ಆ ಯಂತ್ರ ಚಿತ್ರಕ್ಕೆ ಯೋಗ್ಯವೆಂದು ಹೇಳಬಹುದು. ಅದು ಮನೆಗೂ ಯೋಗ್ಯವೇ ಎಂಬುದನ್ನು ಮಾತ್ರ ಅಲ್ಲಿ ವಾರಕ್ಕೆಷ್ಟು ಸಲ ಮುದ್ರಣ ನಡೆಯುತ್ತದೆಂಬುದು ತೀರ್ಮಾನಿಸುತ್ತದೆ.