ಕಟ್ ಮಾಡೋಕೆ ಮನಸ್ಸು ಬರದ ಕೇಕು

ಹುಟ್ಟುಹಬ್ಬದ ಮನೆಗೆ ಹೋಗಿ ಕೇಕ್ ನೋಡಿದ ತಕ್ಷಣ ನಾವೆಲ್ಲ ಹೇಳೋ ಒಂದು ಮಾತಿದೆ. ‘ಅಯ್ಯೋ, ಎಷ್ಟು ಚೆನ್ನಾಗಿದೆ! ಕಟ್ ಮಾಡೋಕೇ ಮನಸ್ಸು ಬರ್ತಿಲ್ಲ.’ ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿನ ಪಾರ್ಟಿ ಹಾಲ್‌ಗೆ ಹೋದರೂ ಇದು ಕಿವಿಗೆ ಬೀಳುತ್ತೆ. ಮನೆಯಲ್ಲೇ ಕೇಕ್ ಮಾಡಿದವರಿಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ ಅಂತ ನಾವೂ ಅಂದ್ಕೊಂಡಿದ್ದೀವಿ, ಮಾಡಿದವರೂ ಅಂದ್ಕೊಂಡಿದ್ದಾರೆ. ಆದರೆ ಬಾಳೆ ಎಲೆ ಮುಂದೆ ಕೂತು ‘ಹೋಳಿಗೆ ಎಷ್ಟು ಚೆನ್ನಾಗಿದೆ ಅಂದ್ರೆ ಮುಟ್ಟೋಕೇ ಮನಸ್ಸು ಬರ್ತಿಲ್ಲ’ ಅಂತ ಯಾರಾದರೂ ಹೇಳಿದ್ದನ್ನ ಕೇಳಿದ್ದೀರಾ? ನಮ್ಮೂರಲ್ಲಿ ಹಾಗೆ ಹೇಳಿದರೆ ಬಡಿಸೋರು ‘ಯಾಕಪ್ಪಾ, ಹುಷಾರಿಲ್ವಾ?’ ಅಂತ ಹಣೆ ಮುಟ್ಟಿ ನೋಡ್ತಾರೆ.

ಕೇಕ್ ವಿಷಯದಲ್ಲಿ ಈ ಮಾತು ಅಕ್ಷರಶಃ ನಿಜವಾಗಿಬಿಟ್ಟಿದೆ ಅನ್ನೋದೇ ನನ್ನ ತಕರಾರು. ಫೋಟೋ ಮುಗಿದು, ಹಾಡು ಮುಗಿದು, ಕೇಕ್ ಹಂಚಿ ಅರ್ಧ ಗಂಟೆ ಆದಮೇಲೆ ಪೇಪರ್ ಪ್ಲೇಟುಗಳನ್ನ ಗಮನಿಸಿ. ಪ್ರತಿ ಪ್ಲೇಟಿನ ಅಂಚಲ್ಲೂ ಒಂದು ನೀಲಿ ಸಿಪ್ಪೆ, ಒಂದು ಹಸಿರು ಸಿಪ್ಪೆ, ಅರ್ಧ ಕಿವಿ ಕಿತ್ತುಹೋದ ಮೊಲ. ಮಕ್ಕಳು ಒಂದು ಸಲ ಕಚ್ಚಿ ನೋಡಿರ್ತಾರೆ. ದೊಡ್ಡವರು ಬಾಳೆಹಣ್ಣು ಸುಲಿದಷ್ಟು ಸಲೀಸಾಗಿ ಸುಲಿದು ಪಕ್ಕಕ್ಕಿಟ್ಟಿರ್ತಾರೆ. ಹಿಂದಿನ ರಾತ್ರಿ ಎರಡು ಗಂಟೆವರೆಗೆ ಯಾರೋ ಎದ್ದು ಕೂತು ಮಾಡಿದ್ದು ಆ ಸಿಪ್ಪೆಯನ್ನೇ. ಒಳಗಿನ ಕೇಕು ಸಂಜೆ ಏಳಕ್ಕೇ ಆಗಿಹೋಗಿತ್ತು.

ಆ ಸಿಪ್ಪೆಯ ಹೆಸರು ಫಾಂಡೆಂಟ್. ನುಣ್ಣಗೆ ಪುಡಿ ಮಾಡಿದ ಸಕ್ಕರೆಗೆ ಗ್ಲೂಕೋಸ್ ಪಾಕ, ಗ್ಲಿಸರಿನ್, ಜೆಲಟಿನ್ ಇಲ್ಲವೇ ಗಿಡದಿಂದ ಬರುವ ಯಾವುದಾದರೂ ಅಂಟು ಹಾಕಿ ನಾದಿದರೆ ಮಕ್ಕಳು ಆಡೋ ಜೇಡಿಮಣ್ಣಿನಂಥ ಮುದ್ದೆ ಆಗುತ್ತೆ. ಬಣ್ಣ ಕಲಸಿ, ಚಪಾತಿ ಥರ ಲಟ್ಟಿಸಿ, ಕೇಕಿನ ಮೇಲೆ ಹೊದಿಸಿ, ಅಂಚು ಕತ್ತರಿಸಿದರೆ ಇಸ್ತ್ರಿ ಹಾಕಿದ ಬಟ್ಟೆಯಂಥ ಮೈ. ಅದೇ ಮುದ್ದೆಯಲ್ಲಿ ಆನೆ, ಕಾರು, ರಾಜಕುಮಾರಿ ಏನು ಬೇಕಾದರೂ ಮಾಡಬಹುದು. ಕೈಚಳಕ ಬೇಕು, ತಾಳ್ಮೆ ಬೇಕು, ಅದನ್ನ ನಾನು ಅಲ್ಲಗಳೆಯಲ್ಲ. ಮೇಲೊಂದು ಸಣ್ಣ ಗೊಂಬೆ ಕೂರಿಸಿದರೆ ತೊಂದರೇನೂ ಇಲ್ಲ. ಇಡೀ ಕೇಕಿಗೆ ಹೊದಿಸಿದಾಗ ಮಾತ್ರ ಅದು ಬರೀ ಹೊದಿಕೆಯಾಗಿ ಉಳಿಯಲ್ಲ, ಒಳಗೆ ಏನಿರಬೇಕು ಅನ್ನೋದನ್ನೂ ತಾನೇ ತೀರ್ಮಾನ ಮಾಡೋಕೆ ಶುರು ಮಾಡುತ್ತೆ.

ಹೇಗೆ ಅಂದ್ರೆ, ಸಕ್ಕರೆ ನೀರನ್ನ ಎಳ್ಕೊಳ್ಳುತ್ತೆ. ಫಾಂಡೆಂಟ್ ಬಹುಪಾಲು ಸಕ್ಕರೆಯೇ. ಹಾಗಾಗಿ ಅದರ ಕೆಳಗೆ ಒದ್ದೆಯಾದದ್ದು ಏನೂ ಇರೋ ಹಾಗಿಲ್ಲ. ಹಾಲಿನ ಕೆನೆ ನೊರೆಬರಿಸಿ ಹಚ್ಚಿದರೆ ಫಾಂಡೆಂಟ್ ಕರಗಿ ಜಾರುತ್ತೆ. ತಾಜಾ ಹಣ್ಣು ಇಟ್ಟರೆ ರಸ ಬಿಡುತ್ತೆ. ಫ್ರಿಜ್‌ನಲ್ಲಿಟ್ಟು ಹೊರಗೆ ತೆಗೆದರೆ ಮೈಯೆಲ್ಲ ಬೆವರುತ್ತೆ, ಆನೆ ಕಣ್ಣಿನ ಕಪ್ಪು ಸೊಂಡಿಲಿಗೆ ಇಳಿಯುತ್ತೆ. ಫ್ರಿಜ್‌ನಲ್ಲಿ ಇಡೋಕೆ ಆಗಲ್ಲ ಅಂದಮೇಲೆ ಬೇಗ ಕೆಡೋ ವಸ್ತು ಒಳಗೆ ಹಾಕೋ ಹಾಗೂ ಇಲ್ಲ. ಉಳಿಯೋದು ಎರಡೇ: ಬೆಣ್ಣೆ-ಸಕ್ಕರೆ ಕಲಸಿದ ಗಟ್ಟಿ ಕ್ರೀಮು, ಇಲ್ಲಾಂದ್ರೆ ಚಾಕೊಲೇಟ್ ಎರಡು ಪಾಲು, ಕೆನೆ ಒಂದು ಪಾಲು ಹಾಕಿ ರಾತ್ರಿಯಿಡೀ ಗಟ್ಟಿಯಾಗೋಕೆ ಬಿಟ್ಟ ಗನಾಶ್. ಸ್ಪಾಂಜೂ ಹಗುರ ಇರೋ ಹಾಗಿಲ್ಲ, ಮೇಲಿನ ಭಾರಕ್ಕೆ ಕುಸಿಯುತ್ತೆ. ಆದ್ದರಿಂದ ಗಟ್ಟಿ ಕೇಕು. ಎರಡು ಅಂತಸ್ತು ಇದ್ದರೆ ನಡುವೆ ಕಡ್ಡಿಯೋ ಸ್ಟ್ರಾನೋ ಕಂಬದ ಹಾಗೆ ನಿಲ್ಲಿಸಬೇಕು. ಸಿವಿಲ್ ಎಂಜಿನಿಯರಿಂಗ್ ಓದಿದ ನನ್ನ ಗೆಳೆಯರಿಗೆ ಇದು ಇಷ್ಟವಾಗಬಹುದು.

ನಮ್ಮ ಕೆಲಸದಲ್ಲೂ ಇಂಥದ್ದು ನೋಡಿದ್ದೀನಿ. ಡೆಮೋಗೆ ಅಂತ ಮೊದಲು ಸ್ಕ್ರೀನ್ ಮಾಡ್ತಾರೆ, ಬಟನ್ ಎಲ್ಲ ಫಳಫಳ. ಆಮೇಲೆ ಆ ಸ್ಕ್ರೀನಿಗೆ ಒಪ್ಪೋ ಹಾಗೆ ಹಿಂದಿನ ಇಡೀ ಸಿಸ್ಟಮನ್ನ ತಿರುಚ್ತಾ ಹೋಗ್ತಾರೆ. ಕ್ಲೈಂಟ್ ಚಪ್ಪಾಳೆ ತಟ್ಟುತ್ತಾನೆ. ಮೂರು ತಿಂಗಳಾದ ಮೇಲೆ ಬಳಸೋನು ಬೈಯ್ತಾನೆ.

ಈ ರುಚಿ ನಮಗೆ ಎಲ್ಲಿಂದ ಬಂತು ಅಂತ ಹುಡುಕಿಕೊಂಡು ಬಹಳ ದೂರ ಹೋಗಬೇಕಾಗಿಲ್ಲ. 2020ರ ಜುಲೈನಲ್ಲಿ, ನಾವೆಲ್ಲ ಮನೇಲಿ ಬೀಗ ಹಾಕ್ಕೊಂಡು ಕೂತಿದ್ದಾಗ, ಟರ್ಕಿಯ ತೂಬಾ ಗೆಚ್ಕಿಲ್ ಅನ್ನೋ ಕಲಾವಿದೆಯ ಕೇಕುಗಳ ವೀಡಿಯೋ ಎಲ್ಲರ ಫೋನಿಗೂ ಬಂತು. ಚಪ್ಪಲಿಗೆ ಚಾಕು ಹಾಕಿದರೆ ಒಳಗೆ ಕೇಕು. ಅದೇ ಗುಂಗಿನಲ್ಲಿ 2022ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ‘ಈಸ್ ಇಟ್ ಕೇಕ್?’ ಶುರುವಾಯ್ತು. ಮೇಜಿನ ಮೇಲೆ ಸಾಲಾಗಿ ಹ್ಯಾಂಡ್‌ಬ್ಯಾಗುಗಳು. ಅದರಲ್ಲಿ ಒಂದೋ ಎರಡೋ ಕೇಕು. ತೀರ್ಪುಗಾರರು ದೂರದಲ್ಲಿ ನಿಂತು ಯಾವುದು ಕೇಕು ಅಂತ ಕಂಡುಹಿಡಿಯಬೇಕು. ಅವರನ್ನ ಏಮಾರಿಸಿದರೆ ಗೆಲುವು. ರುಚಿಯ ಮಾತು ಬರೋದು ಆಮೇಲೆ. ನಾನು ಒಂದು ಭಾನುವಾರ ಕೂತು ಒಂದಾದ ಮೇಲೊಂದು ನೋಡಿದೆ, ಮಜಾ ಬಂತು, ಸುಳ್ಳು ಹೇಳಲ್ಲ. ಆದರೆ ಯೋಚನೆ ಮಾಡಿ: ಅಡುಗೆಯ ಸ್ಪರ್ಧೆಯೊಂದರಲ್ಲಿ ಗೆಲ್ಲೋ ದಾರಿ ಅಂದ್ರೆ ನಿನ್ನ ಅಡುಗೆ ಅಡುಗೆಯ ಹಾಗೆ ಕಾಣಬಾರದು! ಹೋಲಿಸೋದಾದರೆ, 2010ರಿಂದ ಬರ್ತಿರೋ ‘ದಿ ಗ್ರೇಟ್ ಬ್ರಿಟಿಷ್ ಬೇಕ್ ಆಫ್’ ವಾಸಿ. ಅಲ್ಲೂ ಕೊನೆಯ ಸುತ್ತು ಆಡಂಬರದ್ದೇ, ಆದರೆ ಚಾಕು ಇಳಿದು ಒಂದು ಹೋಳು ಹೊರಗೆ ಬರೋವರೆಗೂ ಯಾರೂ ಉಸಿರು ಬಿಡಲ್ಲ. ಹೊರಗಡೆ ಚೆನ್ನಾಗಿದ್ದು ಒಳಗಡೆ ಹಸಿ ಇದ್ದರೆ ಮುಲಾಜಿಲ್ಲದೆ ಹೇಳ್ತಾರೆ.

ಸಕ್ಕರೆಯ ಕಲೆಯನ್ನೇ ನಾನು ವಿರೋಧಿಸ್ತಿದ್ದೀನಿ ಅಂದ್ಕೋಬೇಡಿ. ಬೆಂಗಳೂರಲ್ಲಿ ವರ್ಷದ ಕೊನೆಗೆ ಕೇಕ್ ಶೋ ಅಂತ ನಡೆಯುತ್ತೆ. ಆಳೆತ್ತರದ ಅರಮನೆ, ಗೋಪುರಗಳನ್ನ ಸಕ್ಕರೆಯಲ್ಲಿ ಕಟ್ಟಿ ನಿಲ್ಲಿಸಿರ್ತಾರೆ. ಟಿಕೆಟ್ ತಗೊಂಡು, ಸಾಲಲ್ಲಿ ನಿಂತು, ಹಗ್ಗದ ಈಚೆಯಿಂದ ನೋಡ್ಕೊಂಡು ಬರ್ತೀವಿ. ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಹೂವಿನ ಗೋಪುರ ನೋಡಿ ಬಂದ ಹಾಗೆ. ತಿನ್ನೋಕೆ ಕೊಡಿ ಅಂತ ಯಾರೂ ಕೇಳಲ್ಲ. ಅದು ಶಿಲ್ಪ, ತಾನು ಶಿಲ್ಪ ಅಂತಲೇ ಹೇಳಿಕೊಳ್ಳುತ್ತೆ. ಮನೆಯ ಕೇಕು ಹಾಗಲ್ಲ, ಅದನ್ನ ಎಂಟು ಜನಕ್ಕೋ ಇಪ್ಪತ್ತು ಜನಕ್ಕೋ ತಿನ್ನಿಸೋಕೆ ಅಂತಲೇ ಮಾಡಿರ್ತೀವಿ.

ಇಲ್ಲಿ ಯಾರಾದರೂ ನನ್ನ ಬಾಯಿ ಮುಚ್ಚಿಸೋಕೆ ಸಂಕ್ರಾಂತಿ ಸಕ್ಕರೆ ಅಚ್ಚು ತರಬಹುದು. ‘ಅದೂ ಬರೀ ಸಕ್ಕರೆ ಅಲ್ವಾ? ನಿಮ್ಮಮ್ಮ ಮಾಡಿದರೆ ಸಂಸ್ಕೃತಿ, ನಾನು ಮಾಡಿದರೆ ಆಡಂಬರನಾ?’ ನ್ಯಾಯವಾದ ಪ್ರಶ್ನೆ. ಅದಕ್ಕೂ ಪಡಿಪಾಟಲು ಕಡಿಮೆ ಇಲ್ಲ: ಪಾಕಕ್ಕೆ ಹಾಲು ಹಾಕಿ ಕೊಳೆ ತೆಗೆದು, ಸೋಸಿ, ನೀರಲ್ಲಿ ನೆನೆಸಿಟ್ಟ ಮರದ ಅಚ್ಚುಗಳನ್ನ ದಾರ ಸುತ್ತಿ ಜೋಡಿಸಿ, ಪಾಕ ಹದ ತಪ್ಪೋ ಮೊದಲು ಹುಯ್ಯಬೇಕು. ಆನೆ, ಗಿಳಿ, ತುಳಸಿಕಟ್ಟೆ. ಅರ್ಧ ಮಕ್ಕಳು ಅದನ್ನ ತಿನ್ನೋದೂ ಇಲ್ಲ, ಇರುವೆ ಮುತ್ತೋವರೆಗೂ ಗೂಡಲ್ಲಿ ಇಟ್ಕೊಂಡಿರ್ತಾರೆ. ಆದರೆ ಆ ಆನೆ ಇನ್ನೊಂದು ತಿಂಡಿಯ ಮೇಲೆ ಹತ್ತಿ ಕೂತು ಅದನ್ನ ಕೆಡಿಸಲ್ಲ. ಎಳ್ಳು-ಬೆಲ್ಲದ ಪಕ್ಕದಲ್ಲಿ ತನ್ನ ಪಾಡಿಗೆ ತಾನಿರುತ್ತೆ, ಎಳ್ಳಿನ ರುಚಿ ಎಳ್ಳಿಗೆ.

ಹಾಗಾದರೆ ಮನೆ ಕೇಕಿಗೆ ಅಲಂಕಾರವೇ ಬೇಡವಾ? ಬೇಕು. ಅದರ ಒಳ್ಳೆಯ ಮಾದರಿ ಆಸ್ಟ್ರೇಲಿಯಾದಲ್ಲಿದೆ. 1980ರಲ್ಲಿ ಅಲ್ಲಿನ ‘ವಿಮೆನ್ಸ್ ವೀಕ್ಲಿ’ ಪತ್ರಿಕೆಯವರು ಮಕ್ಕಳ ಹುಟ್ಟುಹಬ್ಬದ ಕೇಕುಗಳದ್ದೊಂದು ಪುಸ್ತಕ ತಂದರು. ಅಲ್ಲಿನ ಒಂದಿಡೀ ತಲೆಮಾರು ಆ ಪುಸ್ತಕದ ಪುಟ ತಿರುಗಿಸ್ತಾ ‘ನಂಗಿದು ಬೇಕು’ ಅಂತ ಬೆರಳಿಟ್ಟು ತೋರಿಸ್ಕೊಂಡೇ ಬೆಳೀತು. ಕೇಕುಗಳೆಲ್ಲ ಅಂಗಡಿಯ ಪೊಟ್ಟಣದ ಮಿಕ್ಸಿನಿಂದ ಮಾಡುವಂಥವು. ಈಜುಕೊಳದ ಕೇಕಿನಲ್ಲಿ ನೀರು ಅಂದ್ರೆ ಜೆಲ್ಲಿ, ಸುತ್ತಲ ಬೇಲಿ ಚಾಕೊಲೇಟ್ ಬಿಸ್ಕತ್ತು. ರೈಲಿನ ಡಬ್ಬಿಯಲ್ಲಿ ತುಂಬಿದ ಸರಕು ಪಾಪ್‌ಕಾರ್ನ್. ಬಾತುಕೋಳಿಯ ಕೊಕ್ಕು ಆಲೂಗಡ್ಡೆ ಚಿಪ್ಸು! ಅಲಂಕಾರಕ್ಕೆ ಹಾಕಿದ್ದೆಲ್ಲ ಮಕ್ಕಳು ಬೇರೆ ದಿನವೂ ಕದ್ದು ತಿನ್ನುವ ವಸ್ತುಗಳೇ. ಬೆಂಗಳೂರಿನ ಮಕ್ಕಳೂ ನೋಡೋ ‘ಬ್ಲೂಯಿ’ ಕಾರ್ಟೂನಿನಲ್ಲಿ ‘ಡಕ್ ಕೇಕ್’ ಅಂತ ಒಂದು ಕಂತಿದೆ, ಅದೇ ಬಾತುಕೋಳಿಯ ಕೇಕು. ಚಿಕ್ಕ ಮಗಳು ಪುಸ್ತಕದಲ್ಲಿ ಎಲ್ಲಕ್ಕಿಂತ ಕಷ್ಟದ್ದನ್ನೇ ಆರಿಸಿರ್ತಾಳೆ, ಅಪ್ಪ ಒದ್ದಾಡ್ತಾನೆ, ಕೊಕ್ಕು ನಿಲ್ಲಲ್ಲ. ಕೇಕ್ ಕುರಿತು ಬಂದಿರೋ ಎಷ್ಟೋ ಗಂಟೆಗಳ ರಿಯಾಲಿಟಿ ಶೋಗಳಿಗಿಂತ ಆ ಏಳು ನಿಮಿಷದಲ್ಲಿ ಮನೆ ಕೇಕ್ ಅಂದ್ರೆ ಏನು ಅನ್ನೋದು ಚೆನ್ನಾಗಿ ಗೊತ್ತಾಗುತ್ತೆ.

ನಮ್ಮಲ್ಲೂ ಇದರ ಅಣ್ಣತಮ್ಮ ಇದೆ. ಸುತ್ತ ಕಿಟ್‌ಕ್ಯಾಟ್ ಬೇಲಿ, ಮೇಲೆ ಒಂದು ಬೊಗಸೆ ಜೆಮ್ಸ್, ಬೇಲಿ ಬೀಳದ ಹಾಗೆ ಒಂದು ರಿಬ್ಬನ್ನು. ಬೇಕಿಂಗ್ ಕ್ಲಾಸಿಗೆ ಹೋಗಿಬಂದವರು ಇದನ್ನ ನೋಡಿ ಮೂಗು ಮುರೀತಾರೆ. ನನಗಂತೂ ಇದು ವಿನ್ಯಾಸದ ದೃಷ್ಟಿಯಿಂದಲೇ ಅಚ್ಚುಕಟ್ಟು ಅನ್ನಿಸುತ್ತೆ. ಬದಿಯ ಕ್ರೀಮ್ ಸೊಟ್ಟಗಿದ್ದರೂ ಬೇಲಿ ಮುಚ್ಚುತ್ತೆ. ಒಂದೊಂದು ಕಡ್ಡಿ ಎಲ್ಲಿ ಕತ್ತರಿಸಬೇಕು ಅಂತ ಗೆರೆ ಹಾಕಿಕೊಡುತ್ತೆ. ‘ನಂಗೆ ಎರಡು ಕಡ್ಡಿ ಬರೋ ಪೀಸು’ ಅಂತ ಮಕ್ಕಳು ಜಗಳ ಆಡ್ತಾರೆ. ಒಳಗೆ ಏನು ಬೇಕಾದರೂ ಇಡಬಹುದು: ಕೆನೆ, ಹಣ್ಣು, ಒದ್ದೆ ಸ್ಪಾಂಜು, ನಿಮ್ಮಿಷ್ಟ.

ಮನೆಯಲ್ಲಿ ಕೇಕ್ ಮಾಡೋರ ನಿಜವಾದ ಸಾಧನೆ ಫೋಟೋದಲ್ಲಿ ಬೀಳೋದೇ ಇಲ್ಲ ಅನ್ನೋದು ನನಗೆ ಇನ್ನೊಂದು ಬೇಜಾರು. ಅವನ್ ಇಲ್ಲದ ಮನೇಲಿ ಕುಕ್ಕರಿನ ತಳಕ್ಕೆ ಮರಳೋ ಉಪ್ಪೋ ಹಾಕಿ, ಗ್ಯಾಸ್ಕೆಟ್ಟು-ವಿಷಲ್ಲು ತೆಗೆದಿಟ್ಟು ಕೇಕ್ ಬೇಯಿಸಿದವರು ನಮ್ಮ ಅಮ್ಮಂದಿರು, ಚಿಕ್ಕಮ್ಮಂದಿರು. ಮೊಟ್ಟೆ ತಿನ್ನದ ಅಜ್ಜಿಗೂ ಸೇರಲಿ ಅಂತ ಮೊಸರು-ಸೋಡಾ, ಇಲ್ಲವೇ ಕಂಡೆನ್ಸ್ಡ್ ಮಿಲ್ಕ್ ಹಾಕಿ ಸ್ಪಾಂಜ್ ಉಬ್ಬಿಸೋದು ಸಣ್ಣ ವಿದ್ಯೆ ಅಲ್ಲ. ಮೊಟ್ಟೆ ಮಾಡೋ ಕೆಲಸ ಬೇರೆ ಯಾವುದರಿಂದ ಮಾಡಿಸಬೇಕು ಅಂತ ಗೊತ್ತಿರಬೇಕು. ಕೆನೆಯದ್ದೂ ಒಂದು ಶಾಸ್ತ್ರವೇ. ಅಂಗಡೀಲಿ ಸಿಗೋ ಸಾಮಾನ್ಯ ಫ್ರೆಶ್ ಕ್ರೀಮಲ್ಲಿ ಕೊಬ್ಬು ಶೇಕಡಾ 25ರ ಆಸುಪಾಸು. ಎಷ್ಟು ಹೊತ್ತು ಬೀಟ್ ಮಾಡಿದರೂ ಅದು ಗಟ್ಟಿಯಾಗಿ ನಿಲ್ಲಲ್ಲ, ಕನಿಷ್ಠ 30 ದಾಟಬೇಕು. ಅದಕ್ಕೇ ಬಹಳ ಜನ ಹಾಲೇ ಅಲ್ಲದ, ಸಸ್ಯದ ಕೊಬ್ಬಿನ ವಿಪ್ಪಿಂಗ್ ಕ್ರೀಮ್ ತಗೊಳ್ತಾರೆ. ನಿಲ್ಲುತ್ತೆ, ಗುಲಾಬಿ ಚೆನ್ನಾಗಿ ಬರುತ್ತೆ, ಆದರೆ ನಾಲಿಗೆಯ ಮೇಲೆ ಒಂದು ಪದರ ಉಳ್ಕೊಳ್ಳುತ್ತೆ. ಹುಡುಕಿ ಹಾಲಿನ ಕೆನೆಯನ್ನೇ ತಂದು, ಪಾತ್ರೆ ಸಮೇತ ತಣ್ಣಗೆ ಮಾಡಿ, ಬೆಣ್ಣೆ ಆಗೋ ಮುಂಚೆ ಕೈ ನಿಲ್ಲಿಸಿದವರನ್ನ ಯಾರು ಹೊಗಳ್ತಾರೆ? ಫೋಟೋದಲ್ಲಿ ಎರಡೂ ಬೆಳ್ಳಗೇ ಕಾಣುತ್ತೆ.

ಕೇಕಿನ ಅತಿ ರುಚಿಯಾದ ಭಾಗ ಪಾರ್ಟಿಗೆ ಬರೋದೇ ಇಲ್ಲ ಅನ್ನೋದು ಗೊತ್ತಾ? ಉಬ್ಬಿದ ತಲೆಯನ್ನ ಸಮ ಮಾಡೋಕೆ ಕತ್ತರಿಸಿ ತೆಗೀತಾರಲ್ಲ, ಆ ಚೂರುಗಳು. ಅಂಚು ಸ್ವಲ್ಪ ಗರಿಗರಿ, ನಡುವೆ ಬೆಚ್ಚಗೆ. ಅಡುಗೆಮನೆ ಕಟ್ಟೆ ಹತ್ತಿರ ಸುಳಿದಾಡೋರ ಪಾಲು.

ಇಷ್ಟೆಲ್ಲ ಒಬ್ಬ ಗೆಳತಿಯ ಹತ್ತಿರ ವಾದ ಮಾಡಿದ್ದೆ. ಆಫೀಸು, ಇಬ್ಬರು ಮಕ್ಕಳು, ಮನೆ ಎಲ್ಲ ನೋಡ್ಕೊಂಡು ಫಾಂಡೆಂಟಿನಲ್ಲಿ ಎಲೆಯ ನರ ಸಮೇತ ತಾವರೆ ಮಾಡೋರು ಅವರು. ಪೂರ್ತಿ ಕೇಳಿಸ್ಕೊಂಡು ಅವರು ಹೇಳಿದ್ದಿಷ್ಟು: ‘ವರ್ಷಪೂರ್ತಿ ಸಾರು ಮಾಡ್ತೀನಿ. ಒಂದಿನ ಯಾರಾದ್ರೂ ಸಾರಿನ ಫೋಟೋ ತೆಗೆದಿದ್ದಾರಾ? ಕೇಕ್ ಒಂದನ್ನಾದ್ರೂ ಎಲ್ಲರೂ ಎದ್ದು ಬಂದು ನೋಡ್ತಾರೆ. ಮಕ್ಕಳು ಮಲಗಿದ ಮೇಲೆ ಆ ನಾಲ್ಕು ಗಂಟೆ ನಂದು.’ ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಆ ನಾಲ್ಕು ಗಂಟೆ ಅವರದ್ದೇ, ತಾವರೆ ಮಾಡಲಿ, ತಾಜ್‌ಮಹಲ್ ಕಟ್ಟಲಿ. ಆದರೆ ಎದ್ದು ಬಂದು ನೋಡಿದವರು ಅವರ ಸ್ಪಾಂಜಿನಲ್ಲಿ ಏಲಕ್ಕಿ ಇತ್ತು ಅನ್ನೋದನ್ನ ಗಮನಿಸಲಿಲ್ಲವಲ್ಲ! ಇತ್ತು. ನನಗೆ ಗೊತ್ತು, ನಾನು ಸಿಪ್ಪೆ ಸುಲಿದು ತಿಂದೆ. ಹಾಗೆ ನೋಡಿದರೆ ನನ್ನ ವಿಮರ್ಶೆ ಮಾಡೋರ ಮೇಲಿಗಿಂತ ಹೆಚ್ಚಾಗಿ ಫೋನ್ ಹಿಡ್ಕೊಂಡು ಸುತ್ತ ನಿಲ್ಲೋ ನಮ್ಮ ಮೇಲೇ. ನಾವು ಕಣ್ಣಿಗೆ ಕಂಡದ್ದನ್ನಷ್ಟೇ ಹೊಗಳೋದರಿಂದ ಅವರು ಕಣ್ಣಿಗೆ ಕಾಣೋದನ್ನೇ ಹೆಚ್ಚು ಹೆಚ್ಚು ಮಾಡ್ತಾ ಹೋಗ್ತಾರೆ.

ಕಳೆದ ಮೇ ತಿಂಗಳಲ್ಲಿ ಇದೇ ಗೆಳತಿ ಏನೂ ಸಂದರ್ಭ ಇಲ್ಲದೆ ಒಂದು ಕೇಕ್ ಮಾಡಿದ್ದರು. ಮೊಸರಿನ ಸ್ಪಾಂಜು, ಹಾಲಿನ ಕೆನೆ, ಮಧ್ಯೆ ಬಾದಾಮಿ ಮಾವಿನ ಹೋಳು, ಮೇಲೆ ಮಿಕ್ಕಿದ ಹೋಳು ಸುರಿದಿದ್ದು, ಅಷ್ಟೇ. ಒಂದು ಕಡೆ ವಾಲಿತ್ತು, ರಸ ತಟ್ಟೆಗೆ ಇಳಿದಿತ್ತು. ಇದ್ದೋರು ಒಂಬತ್ತು ಜನ. ತಿಂದು ಮುಗಿಸಿದ ಮೇಲೆ ಕ್ರೀಮ್ ಎಲ್ಲಿ ತಂದ್ರಿ, ಮೊಸರು ಎಷ್ಟು ಹಾಕಿದ್ರಿ ಅಂತ ಅವರನ್ನ ಅಡುಗೆಮನೆವರೆಗೂ ಹಿಂಬಾಲಿಸಿ ಕೇಳಿದವರು ಮೂವರು. ಅದರಲ್ಲಿ ಒಬ್ಬರು ಅವರ ಮಾವ.